ತಪ್ಪಲೆಯ ತಳದ ಚುಕ್ಕಿಗಳು

ಚಿತ್ರದುರ್ಗ
೧೨-೧೧-೨೦೨೪, ಮಂಗಳವಾರ

ನಾಜಿಮಾಳ ಅಮ್ಮಿಗೆ ಸಲಾಂ.

ಮಂಡಿ ನೋವು ಹೇಗಿದೆ? ಹೊಸದುರ್ಗದ ಆ ಮನೆಯ ಮೆಟ್ಟಿಲು ಎತ್ತರ, ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಡ. ಕಣ್ಣಿಗೆ ಬಿಡುವ ಔಷಧಿಯನ್ನು ಇಲ್ಲೇ ಕಿಟಕಿಯಲ್ಲಿ ಬಿಟ್ಟು ಹೋಗಿದ್ದೀಯ, ಈ ಕಾಗದದ ಜೊತೆಗೆ ಕಳಿಸುತ್ತಿದ್ದೇನೆ. ಸಿಟ್ಟು ಮಾಡಿಕೊಂಡು ಮನೆ ಬಿಡುವವರು ಔಷಧಿ ನೋಡಿಕೊಂಡು ಬಿಡಬೇಕು. ನಾನು ಚೆನ್ನಾಗಿದ್ದೇನೆ. ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡ. ಪಕ್ಕದ ಮನೆಯ ಪಾರ್ವತಮ್ಮನವರು ದಿನಾ ಒಂದು ಮುದ್ದೆ, ಒಂದು ಬಟ್ಟಲು ಸಾರು ಕಳಿಸುತ್ತಾರೆ. ಬೇಡ ಎಂದರೆ ಕೇಳುವುದಿಲ್ಲ. ಸಾರಿಗೆ ಖಾರ ಸಾಲದು, ಆದರೂ ತಿನ್ನುತ್ತೇನೆ.

ನೀನು ಹೋಗಿ ಇವತ್ತಿಗೆ ಇಪ್ಪತ್ತಮೂರು ದಿನ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ ಮಾತು ನನಗೆ ನೆನಪಿದೆ. "ಇಷ್ಟು ವರ್ಷ ನಾನೂ ಕೇಳ್ಲಿಲ್ಲ, ನೀವೂ ಹೇಳ್ಲಿಲ್ಲ, ಆಯ್ತು. ಆದ್ರೆ ನಾಲ್ಕು ಜನರ ಮುಂದೆ ಇಲ್ಲ ಅಂದ್ರಲ್ಲ. ಬಾಯ್ಬಿಟ್ಟು ಹೇಳೋ ತನಕ ನಾನು ಬರಾಕಿಲ್ಲ." ಫೋನು ಮಾಡಿದೆ. ಎರಡು ಮಾತಿಗೆ ನನಗೆ ಸಿಟ್ಟು ಬಂತು, ನೀನು ಇಟ್ಟುಬಿಟ್ಟೆ. ಮತ್ತೆ ಮಾಡಿದರೆ ನಾಜಿಮಾ ಎತ್ತಿಕೊಂಡು, "ಅಬ್ಬಾ, ಫೋನಲ್ಲಿ ನಿನಗೆ ಬೈಯೋದು ಒಂದೇ ಬರೋದು, ಬರೆದು ಕಳಿಸು" ಎಂದಳು. ಮೂರನೇ ಕ್ಲಾಸು ಬಿಟ್ಟವನಿಗೆ ಮಗಳು ಹೇಳುವ ಮಾತು ನೋಡು. ಪಾತ್ರೆ ಅಂಗಡಿಯಲ್ಲಿ ಕುಳಿತು ಮೂವತ್ತು ವರ್ಷ ಊರಿನವರ ಹೆಸರುಗಳನ್ನೆಲ್ಲ ಸ್ಟೀಲಿನ ಮೇಲೆ ಕೊರೆದವನು ನಾನು. ಆದರೆ ಹೆಸರು ಕೊರೆಯುವುದು ಬೇರೆ, ಕಾಗದ ಬರೆಯುವುದು ಬೇರೆ ಎಂದು ಈಗ ಗೊತ್ತಾಗುತ್ತಿದೆ. ಭಾನುವಾರ ಶುರು ಮಾಡಿದ್ದು ಇವತ್ತಿಗೆ ಇಷ್ಟಾಗಿದೆ. ನಿನ್ನ ಕಣ್ಣಿಗೆ ಅಕ್ಷರ ಕಾಣುವುದಿಲ್ಲ, ಇದನ್ನು ನಾಜಿಮಾ ಗಟ್ಟಿಯಾಗಿ ಓದುತ್ತಾಳೆ, ಅಳಿಯನೂ ಕೇಳಿಸಿಕೊಳ್ಳುತ್ತಾನೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಮಕ್ಕಳಿಗೂ ತಿಳಿಯಲಿ ಎಂದು ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡ.

ಭಾನುವಾರ ಹನ್ನೊಂದು ಗಂಟೆಗೆ ಟಿ.ವಿ.ಯಲ್ಲಿ ಹಳೇ ಜೋಡಿಗಳ ಆ ಕಾರ್ಯಕ್ರಮದಲ್ಲಿ ನಮ್ಮದು ಬಂತು. ನಾನು ನೋಡಬಾರದು ಎಂದೇ ಇದ್ದೆ. ನಮ್ಮ ಮನೆಯ ರಿಮೋಟು ಹೋದ ರಂಜಾನಿನಲ್ಲೇ ಗೋಡೆಗೆ ಬಿದ್ದು ಒಡೆದಿದೆ, ಯಾರು ಎಸೆದರು ಎಂದು ಈಗ ಬೇಡ. ಆದರೆ ಪಾರ್ವತಮ್ಮನವರ ಗಂಡ ಪರಮೇಶ್ವರಪ್ಪ ಬಿಡಬೇಕಲ್ಲ. ಅಂಗಡಿ ಮಗನಿಗೆ ಬಿಟ್ಟು ಬಂದು, "ಲೇ ದಿಲಾವರ್, ನಿನ್ನ ಮದುವೆ ಊರೆಲ್ಲ ನೋಡ್ತೈತೆ, ನೀನೊಬ್ಬ ಇಲ್ಲಿ ಚಪ್ಪಲಿ ಹೊಲ್ಕಂಡು ಕುಂತಿದ್ದೀಯ. ಎದ್ದೇಳು, ಹೋಗಾಣ" ಎಂದು ಕೈ ಹಿಡಿದು ಎಳೆದುಕೊಂಡು ಹೋದ. ಅವರ ಮನೆಯ ಟಿ.ವಿ. ನಮ್ಮ ಬಾಗಿಲಿನಷ್ಟು ದೊಡ್ಡದು. ಪಾರ್ವತಮ್ಮನವರು ಕುರ್ಚಿ ಹಾಕಿ, "ಇಲ್ಲಿ ಕುಂತ್ಕಳ್ರಿ, ಎದ್ದು ಓಡೋಹಂಗಿಲ್ಲ" ಎಂದರು.

ಮೊದಲು ಬಂದದ್ದು ಕೋಟೆ. ನಾವು ದಿನಾ ನೋಡುವ ಕೋಟೆಯೇ, ಆದರೆ ಮೇಲಿನಿಂದ ಹದ್ದಿನ ಕಣ್ಣಲ್ಲಿ ನೋಡಿದ ಹಾಗೆ. ಆಮೇಲೆ ಹಿರಿಯೂರು. ನಿಮ್ಮಪ್ಪನ ಹೋಟೆಲಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆಯಲ್ಲ, ಅದನ್ನು ತೋರಿಸಲಿಲ್ಲ. ಇನ್ನೆಲ್ಲೋ ಒಂದು ಹುಣಸೆಮರ ಹಿಡಿದು, ಅದರ ಕೆಳಗೆ ತಿದಿ ಹೂಡಿ, ಕಲಾಯಿ ಹಾಕುವವನನ್ನು ಕೂರಿಸಿದ್ದಾರೆ. ನನ್ನ ವೇಷಕ್ಕೆ ಒಬ್ಬ ಹುಡುಗ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಾರೆ, ಬಿಳೀ ಅಂಗಿ ಬೇರೆ. ಇದ್ದಿಲಿನ ಮುಂದೆ ಕೂರುವ ಹುಡುಗನಿಗೆ ಬಿಳೀ ಅಂಗಿ ಹಾಕಿದವನ ಕೈಗೆ ಒಂದು ದಿನ ತಿದಿ ಕೊಡಬೇಕು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಹುಡುಗ ದೊಡ್ಡ ಕೊಳಗದೊಳಗೆ ಇಳಿದು, ಮರಳಿನ ಮೇಲೆ ಬರಿಗಾಲಲ್ಲಿ ಅತ್ತ ಇತ್ತ ತಿರುಗಿ ಉಜ್ಜತೊಡಗಿದ. ನಾನು ಹಾಗೇ ಮಾಡುತ್ತಿದ್ದೆ. ಸರಿಯಾಗಿ ಹಾಗೇ. ಹಿತ್ತಲ ಬಾಗಿಲಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ನಿಂತು, ಮುಂದಿನ ಹಲ್ಲು ಬಿದ್ದ ಬಾಯಲ್ಲಿ, "ಕುಣಿಯೋ ಕೋತಿ, ಕುಣಿಯೋ ಕೋತಿ" ಎಂದಳು. ಹಲ್ಲು ಬಿದ್ದದ್ದನ್ನೂ ಅವರಿಗೆ ಹೇಳಿದ್ದೀಯಲ್ಲ. ಐವತ್ತೊಂಬತ್ತು ವರ್ಷದ ಹಿಂದೆ ಮಣ್ಣಾಗಿ ಹೋದ ಒಂದು ಮಧ್ಯಾಹ್ನ ಎದ್ದು ಬಂದು, ಪರಮೇಶ್ವರಪ್ಪನ ಮನೆಯ ಗೋಡೆಯ ಮೇಲೆ ಉಸಿರಾಡುತ್ತಿತ್ತು.

ಆಮೇಲೆ ನಮ್ಮ ಮನೆ ಬಂತು, ಹೋದ ತಿಂಗಳು ಅವರು ಬಂದು ಚಿತ್ರ ತೆಗೆದುಕೊಂಡು ಹೋದದ್ದು. ನೀನು ಹಸಿರು ಸೀರೆಯಲ್ಲಿ, ನಾನು ಮುಖ ಗಂಟು ಹಾಕಿಕೊಂಡು ಪಕ್ಕದಲ್ಲಿ. ಆ ರಂಜಿತಾ ಎಂಬ ಹುಡುಗಿ ಮೈಕು ಹಿಡಿದು, "ತಾತಾ, ಚಿಕ್ಕಂದಿನಲ್ಲೇ ಅಜ್ಜಿ ಮೇಲೆ ಮನಸ್ಸಿತ್ತಾ?" ಎಂದು ಕೇಳಿದಳು. ಎದುರಿಗೆ ಅಳಿಯ ನಿಂತಿದ್ದ, ಬೀದಿಯ ಅರ್ಧ ಜನ ಬಾಗಿಲಲ್ಲಿದ್ದರು. ನನ್ನ ಉತ್ತರವನ್ನು ಅವರು ಕತ್ತರಿಸಿರುತ್ತಾರೆ ಎಂದುಕೊಂಡಿದ್ದೆ. ಕತ್ತರಿಸಿಲ್ಲ. "ಅಂಥಾದ್ದೇನೂ ಇಲ್ಲಮ್ಮ. ದೊಡ್ಡೋರು ತೋರಿಸಿದ್ರು, ಕಟ್ಕಂಡೆ. ನಿಮಗೆ ಬೇರೆ ಕೆಲ್ಸ ಇಲ್ವಾ?" ಎಂದು ನಾನು ಎದ್ದು ಹೋಗುವುದು, ನನ್ನ ಬೆನ್ನು, ಎಲ್ಲ ಬಂತು. ಪಾರ್ವತಮ್ಮನವರು ಸೆರಗು ಸರಿಮಾಡಿಕೊಂಡರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಇದರ ಮುಂದಿನದು ನನಗೆ ಗೊತ್ತಿರಲಿಲ್ಲ. ಅಂದು ನಾನು ಪರಮೇಶ್ವರಪ್ಪನ ಅಂಗಡಿಯ ಜಗಲಿಯಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದೆ, ಹಿಂದೆ ಏನು ನಡೆಯಿತು ಎಂದು ಯಾರನ್ನೂ ಕೇಳಲಿಲ್ಲ. ಟಿ.ವಿ.ಯಲ್ಲಿ ನೀನು ಆ ಹುಡುಗಿಯ ಕಡೆ ತಿರುಗಿದೆ. ಆಮೇಲೆ, "ಅವರು ಹಂಗೇ ಕಣಮ್ಮ, ಬಾಯಲ್ಲಿ ಬರಾಕಿಲ್ಲ. ತಡಿ" ಎಂದು ಮಂಡಿ ಹಿಡಿದುಕೊಂಡು ಎದ್ದು, ಅಟ್ಟದ ಮೇಲಿನ ಬಟ್ಟೆಯ ಗಂಟನ್ನು ಇಳಿಸಿಕೊಂಡು ಬಂದೆ. ಆ ಗಂಟನ್ನು ನಾನು ನಲವತ್ತೊಂಬತ್ತು ವರ್ಷದಿಂದ ನೋಡಿದ್ದೇನೆ. ಏನದು ಎಂದರೆ ನೀನು, ನಮ್ಮ ಅಮ್ಮಿ ಕೊಟ್ಟಿದ್ದು, ನಿಮಗ್ಯಾಕೆ ಎನ್ನುತ್ತಿದ್ದೆ. ನಾನು ಮತ್ತೆ ಕೇಳಲಿಲ್ಲ. ಟಿ.ವಿ.ಯಲ್ಲಿ ನೀನು ಅದನ್ನು ಬಿಚ್ಚಿದೆ. ನಿಮ್ಮಪ್ಪನ ಹೋಟೆಲಿನ ಹಾಲಿನ ತಪ್ಪಲೆ. ನೋಡಿದ ತಕ್ಷಣ ನನಗೆ ಗುರುತು ಸಿಕ್ಕಿತು. ಹಿತ್ತಾಳೆಯನ್ನು ನಾನು ಮರೆಯುವುದಿಲ್ಲ, ಮನುಷ್ಯರನ್ನು ಮರೆಯಬಹುದು. ನೀನು ಅದನ್ನು ಬೋರಲು ಹಾಕಿದೆ. ಕ್ಯಾಮೆರಾದವನು ಹತ್ತಿರ ಬಂದ. ಬಾಗಿಲಿನಷ್ಟು ದೊಡ್ಡ ಆ ಟಿ.ವಿ.ಯ ತುಂಬಾ ತಪ್ಪಲೆಯ ತಳ, ಅದರ ಅಂಚಿನ ಸುತ್ತ ನನ್ನ ಚುಕ್ಕಿಗಳು.

ನಾಜಿಮಾ, ನಿನಗೆ ಹೇಳುತ್ತೇನೆ ಕೇಳು. ನಿಮ್ಮ ಅಜ್ಜನ ಹೋಟೆಲಿನ ಪಾತ್ರೆಗಳಿಗೆ ತಿಂಗಳಿಗೊಂದು ಸಲ ಕಲಾಯಿ ಹಾಕಲು ನಮ್ಮ ಅಬ್ಬಾ ನನ್ನನ್ನು ಕರೆದುಕೊಂಡು ಹಿರಿಯೂರಿಗೆ ಹೋಗುತ್ತಿದ್ದರು. ಆಗ ನನಗೆ ಹನ್ನೊಂದು. ಹೋದಾಗಲೆಲ್ಲ, ಅಬ್ಬಾ ಬೀಡಿ ಸೇದಲು ಎದ್ದ ಹೊತ್ತು ನೋಡಿ, ಆ ಹಾಲಿನ ತಪ್ಪಲೆಯ ತಳಕ್ಕೆ ಸಣ್ಣ ಉಳಿಯಿಂದ ಒಂದು ಚುಕ್ಕಿ ಹೊಡೆಯುತ್ತಿದ್ದೆ. ಬಂದಿದ್ದೆ, ಅವಳನ್ನು ನೋಡಿದೆ ಎಂದು. ಅಷ್ಟೇ. ತಳಕ್ಕೆ ಹೊಡೆದರೆ ಒಲೆಯ ಮಸಿ ಮುಚ್ಚಿಕೊಳ್ಳುತ್ತದೆ, ಯಾರಿಗೂ ಕಾಣುವುದಿಲ್ಲ ಎಂದು ನನ್ನ ಲೆಕ್ಕ. ಪಾತ್ರೆಯ ಕೆಲಸ ಮಾಡುವವನಾಗಿ ಇಷ್ಟು ದಡ್ಡತನ ಬೇರೆ ಯಾರೂ ಮಾಡಿರಲಾರರು. ಮಸಿಯ ಪಾತ್ರೆಯನ್ನು ದಿನಾ ಬೂದಿ ಹುಣಸೆಹಣ್ಣು ಹಾಕಿ ತಿಕ್ಕುವವರು ಯಾರು ಎಂದು ನಾನು ಯೋಚಿಸಲೇ ಇಲ್ಲ. ಹೋಟೆಲಿನ ಹಿಂದೆ ಕುಳಿತು ಆ ತಪ್ಪಲೆ ತಿಕ್ಕುತ್ತಿದ್ದವಳು ನಿಮ್ಮ ಅಮ್ಮಿ. ನಾನು ಮುಚ್ಚಿಟ್ಟೆ ಎಂದುಕೊಂಡದ್ದನ್ನು ತಿಂಗಳು ತಿಂಗಳೂ ಅವಳ ಕೈಗೇ ಕೊಟ್ಟು ಬರುತ್ತಿದ್ದೆ.

ಅವಳು ಟಿ.ವಿ.ಯಲ್ಲಿ ಒಂದೊಂದೇ ಚುಕ್ಕಿಯ ಮೇಲೆ ಬೆರಳಿಟ್ಟು ಹೇಳುತ್ತಾ ಹೋದಳು. "ಇವು ಅವರವು, ಹತ್ತೊಂಬತ್ತು. ನೋಡು, ಉಳಿಯಲ್ಲಿ ಹೊಡೆದಿದ್ದು, ಒಂದೇ ಸಮ ಅವೆ. ಇಲ್ಲೊಂದು ಜಾಗ ಖಾಲಿ ಐತೆ, ಅದು ಇರ್ಲಿ. ಈ ಏಳು ನನ್ನವು." ಆ ಏಳು ಸೊಟ್ಟ, ಒಂದು ಮೇಲೆ, ಒಂದು ಕೆಳಗೆ. ಅಬ್ಬಾಗೆ ಎದೆಯ ಕಾಯಿಲೆ ಬಂದು ಏಳು ತಿಂಗಳು ನಾವು ಹಿರಿಯೂರಿನ ಕಡೆ ಹೋಗಲಿಲ್ಲ. "ಕಲಾಯಿಯೋರು ಬರ್ಲಿಲ್ಲ. ಸಾಲು ನಿಂತು ಹೋಗಬಾರ್ದು ಅಂತ ನಾನೇ ಮೊಳೆ ಇಟ್ಟು, ಕಲ್ಲಲ್ಲಿ ಕುಟ್ಟಿದೆ. ಆಮೇಲೆ ಅವರು ಒಬ್ಬರೇ ಬಂದ್ರು, ಮೀಸೆ ಚಿಗುರ್ತಿತ್ತು. ನನ್ನ ಮೊಳೆ ಗುರುತು ಕಂಡ್ರೆ ಮಾನ ಹೋಗುತ್ತೆ ಅಂತ, ತಪ್ಪಲೆ ಸೋರುತ್ತೆ ಅಂತ ಅಪ್ಪನಿಗೆ ಸುಳ್ಳು ಹೇಳಿ ಬಚ್ಚಿಟ್ಟೆ."

ನಾಜಿಮಾಳ ಅಮ್ಮಿ, ಇದನ್ನು ಕೇಳುವಾಗ ನಾನು ಕುರ್ಚಿಯ ಕೈ ಹಿಡಿದುಕೊಂಡಿದ್ದೆ. ಇಷ್ಟಕ್ಕೇ ಮುಗಿಯಲಿಲ್ಲ. ಹೊಳಲ್ಕೆರೆಯಿಂದ ಬಂದ ಸಂಬಂಧ ಬೇಡ ಎಂದು ಮೂರು ದಿನ ಊಟ ಬಿಟ್ಟಿದ್ದೆಯಂತೆ. ನಿಮ್ಮಪ್ಪನ ತಾಯಿ, ನಿಮ್ಮ ದಾದಿಯ ಕಾಲು ಹಿಡಿದು, ಚಿತ್ರದುರ್ಗದ ಕಲಾಯಿಯವರ ಮನೆಗೆ ಮಾತು ಕಳಿಸು ಎಂದೆಯಂತೆ. ದೊಡ್ಡೋರು ತೋರಿಸಿದ್ರು, ಕಟ್ಕಂಡೆ ಎಂದು ನಾನು ಜನರ ಮುಂದೆ ಹೇಳಿದ್ದು ಸುಳ್ಳು ಎಂದು ನನಗೆ ಅರ್ಧ ಗೊತ್ತಿತ್ತು. ಪೂರ್ತಿ ಸುಳ್ಳು ಎಂದು ಭಾನುವಾರ ಗೊತ್ತಾಯಿತು. ಆ ದೊಡ್ಡವರಿಗೆ ನನ್ನನ್ನು ತೋರಿಸಿದವಳೇ ನೀನು. ನಲವತ್ತೊಂಬತ್ತು ವರ್ಷ ಒಂದೇ ಸೂರಿನ ಕೆಳಗೆ ಮಲಗಿ, ಉಪ್ಪು ಕಡಿಮೆ, ನೀರು ಬಿಸಿ ಇಲ್ಲ ಎಂದು ನಾನು ಕೂಗಾಡಿದ ದಿನಗಳೆಲ್ಲ ಆ ತಪ್ಪಲೆ ನನ್ನ ತಲೆಯ ಮೇಲಿನ ಅಟ್ಟದಲ್ಲೇ ಇತ್ತು. ಕೋಟೆಯ ಬಂಡೆಗಳನ್ನು ಯಾರು ಹೇಗೆ ಎತ್ತಿಟ್ಟರೋ ಎಂದು ಚಿಕ್ಕಂದಿನಲ್ಲಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಈ ವಯಸ್ಸಿನಲ್ಲಿ ಮತ್ತೆ ಹಾಗೆ ನೋಡುವಂತಾಯಿತು, ಒಂದು ಮೊಳೆಯ ಗುರುತನ್ನು.

ಕಾರ್ಯಕ್ರಮ ಮುಗಿದು ಸೋಪಿನ ಜಾಹೀರಾತು ಬಂದರೂ ಯಾರೂ ಏಳಲಿಲ್ಲ. ಪರಮೇಶ್ವರಪ್ಪ ಕನ್ನಡಕ ಒರೆಸಿಕೊಂಡು, "ಥೂ ನಿನ್ನ. ಅಂಥಾಕೀನ ಇಲ್ಲ ಅಂದ್ಯಲ್ಲೋ" ಎಂದ. ಬೇರೆ ದಿನವಾಗಿದ್ದರೆ ಅವನಿಗೂ ನನಗೂ ಜಗಳವಾಗುತ್ತಿತ್ತು. ನಾನು, "ಹೂಂ" ಎಂದೆ. ಅವನಿಗೆ ಹೆದರಿಕೆಯಾಗಿ ನೀರು ತರಿಸಿದ.

ಒಂದು ಮಾತು. ತಪ್ಪಲೆಯ ಒಳಗೆ ಕಲಾಯಿ ಪೂರ್ತಿ ಹೋಗಿದೆ, ಕಿಲುಬು ಹಿಡಿದಿದೆ. ಟಿ.ವಿ.ಯಲ್ಲೇ ಕಾಣಿಸಿತು. ಅದನ್ನು ಹೊಸದುರ್ಗಕ್ಕೆ ತೆಗೆದುಕೊಂಡು ಹೋಗಿದ್ದೀಯ, ಅಟ್ಟದಲ್ಲಿ ಗಂಟಿಲ್ಲ. ಮೊಮ್ಮಕ್ಕಳು ಆಸೆಪಟ್ಟರೆಂದು ಅದರಲ್ಲಿ ಹಾಲು ಕಾಯಿಸೀಯೆ ಜೋಕೆ. ಹುಳಿಯನ್ನಂತೂ ಮುಟ್ಟಿಸಬೇಡ. ನಿನ್ನೆ ನಮ್ಮ ಹಿತ್ತಲಿನಲ್ಲಿ ಹಳೇ ತಿದಿಯನ್ನು ಹುಡುಕಿ ತೆಗೆದೆ. ಇಲಿ ಒಂದು ಮೂಲೆ ತಿಂದಿದೆ, ಹೊಲಿದಿದ್ದೇನೆ. ಇಪ್ಪತ್ತು ವರ್ಷದ ಮೇಲೆ ಇದ್ದಿಲು ಹಚ್ಚಿ, ಒಂದು ಬಟ್ಟಲಿಗೆ ತವರ ಇಳಿಸಿ ನೋಡಿದೆ. ನವಸಾಗರದ ಬಿಳೀ ಹೊಗೆ ಎದ್ದಾಗ ಕಣ್ಣಲ್ಲಿ ನೀರು ಬಂತು, ಹೊಗೆಗೆ. ಆದರೂ ಬಟ್ಟಲು ಬೆಳ್ಳಿಯ ಹಾಗಾಯಿತು.

ನಾಜಿಮಾಳಿಗೂ ಅಳಿಯನಿಗೂ ದುವಾ ಹೇಳು. ನಮ್ಮ ಹೆಸರನ್ನು ಆ ಟಿ.ವಿ.ಯವರಿಗೆ ಕಳಿಸಿದ ಮೊಮ್ಮಗಳು ಶಾಹಿಸ್ತಾಳಿಗೆ ಅಂದು ಬೈದಿದ್ದೆ. ಅವಳ ತಲೆಯ ಮೇಲೆ ನನ್ನ ಹೆಸರಲ್ಲಿ ಒಂದು ಸಲ ಕೈ ಇಡು, ಅಲ್ಲಾಹು ಅವಳನ್ನು ಚೆನ್ನಾಗಿಟ್ಟಿರಲಿ.

ನಿನ್ನ ಮನೆಯವನು,
ದಿಲಾವರ್

ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಪರಮೇಶ್ವರಪ್ಪ ನೆಂಟರ ಮದುವೆಗೆ ಹೊಸದುರ್ಗಕ್ಕೆ ಹೊರಟು ಬಾಗಿಲಲ್ಲಿ ಕೂಗುತ್ತಿದ್ದಾನೆ, ಇದನ್ನು ಅವನೇ ತರುತ್ತಾನೆ. ಆ ಖಾಲಿ ಜಾಗದ್ದು ಬರೆಯದೆ ಕಳಿಸಿದರೆ ಬರೆದದ್ದೆಲ್ಲ ದಂಡ. ಟಿ.ವಿ.ಯಲ್ಲಿ ಕೊನೆಗೆ ಆ ಹುಡುಗಿ ಅದನ್ನೇ ಕೇಳಿದಾಗ ನೀನು, "ಆ ತಿಂಗಳು ಬಂದಿದ್ರು, ಚುಕ್ಕಿ ಇರ್ಲಿಲ್ಲ. ಮುಂದಿನ ಸಲ ಸಕ್ಕರೆ ಹಾಕದೆ ಚಾ ಕೊಟ್ಟೆ. ಕುಡಿದು ಸುಮ್ನೆ ಹೋದ್ರು. ಯಾಕೆ ಹೊಡೀಲಿಲ್ಲ ಅಂತ ಇವತ್ತಿಗೂ ಕೇಳಿಲ್ಲ" ಎಂದೆ. ಆ ವರ್ಷ ಸಕ್ಕರೆ ಸಿಗುತ್ತಿರಲಿಲ್ಲ, ಅದಕ್ಕೇ ಹಾಗೆ ಎಂದು ನಾನು ಕುಡಿದೆ. ಚುಕ್ಕಿ ಹೊಡೆದಿದ್ದೆ. ಅದು ಬಬ್ಬೂರಿನ ಓಬವ್ವನ ತಪ್ಪಲೆಗೆ ಬಿತ್ತು. ಆವತ್ತು ಅವಳದ್ದೂ ಕಲಾಯಿಗೆ ಬಂದಿತ್ತು, ಎರಡೂ ಒಂದೇ ಅಳತೆ, ಎರಡರ ತಳವೂ ಕಪ್ಪು. ಮುಂದಿನ ತಿಂಗಳು ಅವಳು ಬಂದು, "ಏನ್ರೀ ಕಲಾಯಿ ಸಾಬ್ರೇ, ನಿಮ್ಮ ಹುಡ್ಗ ನನ್ನ ತಪ್ಪಲೆಗೆ ತೂತು ಹಾಕಾಕೆ ಹೊಂಟವ್ನೆ" ಎಂದಳು. ಅಬ್ಬಾ ಕೆನ್ನೆಗೆ ಎರಡು ಬಾರಿಸಿದರು. ನಿನ್ನ ತಪ್ಪಲೆಯಲ್ಲಿ ಆ ತಿಂಗಳ ಜಾಗ ಬಿಟ್ಟು ಮುಂದಿನದನ್ನು ಹೊಡೆದೆ. ಯಾರಿಗೂ ಹೇಳಲಿಲ್ಲ.

ಮಹಮೂದಾ, ಎಷ್ಟೋ ಮಹಮೂದಾಗಳ ಹೆಸರನ್ನು ಪಾತ್ರೆಗಳ ಮೇಲೆ ಕೊರೆದೆ, ನಿನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ಗುರುವಾರ ಬೆಳಿಗ್ಗೆಯ ಬಸ್ಸಿಗೆ ತಿದಿ, ತವರ, ಆ ಸಣ್ಣ ಉಳಿ ತೆಗೆದುಕೊಂಡು ಬರುತ್ತೇನೆ. ಆ ಖಾಲಿ ಜಾಗಕ್ಕೆ ನೀನು ಮೊಳೆ ಹೊಡೆಯಬೇಡ, ಅದು ನನ್ನದು. ಅಳಿಯನನ್ನು ಮನೆಯಲ್ಲೇ ಇರಲು ಹೇಳು. ನಾನು ಬಂದ ತಕ್ಷಣ ಕೊಡುವ ಚಹಾಕ್ಕೆ ಸಕ್ಕರೆ ಹಾಕಬೇಡ. ಎಲ್ಲರ ಮುಂದೆ ಬಾಯಿಬಿಟ್ಟು ಹೇಳಿದ ಮೇಲೆ ಹಾಕು.