ಬೆರ್ನಾಮ್ ನದಿಯಾಚೆಗಿನ ಧಾರೆ

ಸುಬಾಂಗ್ ಜಯಾ
೧೧ ಅಕ್ಟೋಬರ್ ೨೦೨೧

ಪ್ರೀತಿಯ ಪಪ್ಪಾ,

ಗಡಿ ತೆರೆಯಿತು, ನಾನೂ ಗೋಪಿಯೂ ಪೆನಾಂಗಿಗೆ ಬರುತ್ತಿದ್ದೇವೆ! ನೋಡಿ, ಆರೋಗ್ಯ ವಿಚಾರಿಸುವ ಮೊದಲೇ ಬಾಯಿ ಬಿಟ್ಟೆ. ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ಆನ್‌ಲೈನಿನಲ್ಲಿ ಅನಾಟಮಿ ಪಾಠ ಮಾಡಿ ಮಾಡಿ ನಿಮ್ಮ ಗಂಟಲು ಕಟ್ಟಿದೆ ಎಂದು ಅಮ್ಮ ಹೇಳಿದಳು, ಬಿಸಿನೀರು ಕುಡಿಯಿರಿ. ಒಂದು ತಿಂಗಳಿಂದ ನೀವು ನನ್ನ ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಇಂಗ್ಲಿಷ್ ಶಾಲೆಯ ಹುಡುಗಿಗೆ ಕನ್ನಡ ಅಕ್ಷರ ಕಲಿಸಿದವರು ನೀವೇ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಇಟ್ಟಿರಿ, ಬಂದು ಬೈಸಿಕೊಳ್ಳುತ್ತೇನೆ.

ಎರಡೂ ಲಸಿಕೆ ಆದವರು ಪೊಲೀಸರ ಅನುಮತಿ ಇಲ್ಲದೆ ರಾಜ್ಯದಿಂದ ರಾಜ್ಯಕ್ಕೆ ಹೋಗಬಹುದು ಎಂದು ನಿನ್ನೆ ಟಿವಿಯಲ್ಲಿ ಹೇಳಿದ್ದೇ ತಡ, ನನ್ನ ಫ್ಲಾಟಿನ ಜೊತೆಗಾತಿ ಮೆಲಿಷಾ ಸೋಫಾದ ಮೇಲೆ ಹತ್ತಿ ಕುಣಿದಳು. "ಬಾರ್ಡರ್ ಓಪನ್ ಲಾ! ಇನ್ನಾದರೂ ಆ ಅಳುಮುಂಜಿ ಮುಖ ಬಿಡು ಮಾರಾಯ್ತಿ!" ಎಂದಳು. ಆಗಿನಿಂದ ನಾನು ನೆಲದ ಮೇಲಿಲ್ಲ ಪಪ್ಪಾ. ಈಗ ಬಾಲ್ಕನಿಯಲ್ಲಿ ಕೂತಿದ್ದೇನೆ. ಕೆಳಗೆ ರೈಲು ಹೋದಾಗಲೆಲ್ಲ ನಾನು ಅದರೊಳಗೆ ಕೂತು ಉತ್ತರಕ್ಕೆ ತೇಲಿದಂತೆ, ಭೂಪಟದ ಬಣ್ಣಗಳು ಕಿಟಕಿಯಾಚೆ ಒಂದರೊಳಗೊಂದು ಕರಗಿದಂತೆ ಕಾಣುತ್ತದೆ.

ಚಿಕ್ಕವಳಿದ್ದಾಗ ಬೆರ್ನಾಮ್ ನದಿಯ ಸೇತುವೆ ಬಂತೆಂದರೆ ನೀವು ಕಾರು ನಿಧಾನ ಮಾಡುತ್ತಿದ್ದಿರಿ. "ಈಚೆ ಸೆಲಾಂಗೋರ್ ಸುಲ್ತಾನರದ್ದು, ಆಚೆ ಪೆರಾಕ್ ಸುಲ್ತಾನರದ್ದು. ನಮ್ಮ ಪೆನಾಂಗಿಗೆ ಸುಲ್ತಾನರೇ ಇಲ್ಲ, ಅದು ಬ್ರಿಟಿಷರ ಬಂದರು ಮಗಾ" ಎನ್ನುತ್ತಿದ್ದಿರಿ. ಬೇರೆ ಬೇರೆ ಮನೆಯವರೆಲ್ಲ ನಲವತ್ತೆಂಟರಲ್ಲಿ ಒಂದು ಒಕ್ಕೂಟವಾದದ್ದು, ಐವತ್ತೇಳರಲ್ಲಿ ಸ್ವತಂತ್ರರಾದದ್ದು, ಅರವತ್ತಮೂರರಲ್ಲಿ ಕಡಲಾಚೆಯ ಸಬಾ, ಸರವಾಕ್ ಬಂದು ಸೇರಿ ಮಲೇಷ್ಯಾ ಆದದ್ದು, ಎಲ್ಲ ನನಗೆ ಹಿಂದಿನ ಸೀಟಿನ ಕಥೆಗಳು. ನದಿಗೆ ಇದೆಲ್ಲ ಗೊತ್ತಾ ಎಂದು ಕೇಳಿದ್ದೆನಂತೆ. ನೀವು ನಕ್ಕು ಉಡುಪಿಯ ಅಜ್ಜನ ಸಂಗತಿ ಹೇಳಿದಿರಿ: ಐವತ್ತಾರರಲ್ಲಿ ಮದ್ರಾಸು ರಾಜ್ಯದಲ್ಲಿ ಮಲಗಿದವರು ಬೆಳಿಗ್ಗೆ ಮೈಸೂರು ರಾಜ್ಯದಲ್ಲಿ ಎದ್ದರು, ಚಾಪೆ ಅದೇ. ಗೋಪಿಯ ಧಾರವಾಡದ ಅಜ್ಜನೂ ಹಾಗೆಯೇ ಮುಂಬಯಿ ರಾಜ್ಯದಿಂದ ಬಂದವರಂತೆ! ಮದ್ರಾಸಿನ ಮೊಮ್ಮಗಳು, ಮುಂಬಯಿಯ ಮೊಮ್ಮಗ, ಸಿಕ್ಕಿದ್ದು ಮಾತ್ರ ಸುಬಾಂಗ್ ಜಯಾದಲ್ಲಿ ತಮಿಳು ಮುಸ್ಲಿಮರ ಒಂದು ಮಾಮಕ್ ಅಂಗಡಿಯ ಚಹಾದ ಮುಂದೆ.

ನಕ್ಕಿರಾ? ನಗಿ ಪಪ್ಪಾ. ಪುತ್ರಜಯಾದ ಕಚೇರಿಯಲ್ಲಿ ಮದುವೆಯ ನೋಂದಣಿಗೆ ಸಹಿ ಹಾಕಿ ಹೊರಗೆ ಬಂದು, ಮೆಲಿಷಾ ಹಿಡಿದ ಫೋನಿನ ಮುಂದೆ ನಾವಿಬ್ಬರೂ ತೆಂಗಿನಕಾಯಿ ಹಿಡಿದು ಕೈ ಜೋಡಿಸಿ ನಿಂತಿದ್ದೆವು. ಅಲ್ಲಿ ಪೆನಾಂಗಿನಲ್ಲಿ, ಬಯಾನ್ ಲೆಪಾಸಿನ ಮನೆಯಲ್ಲಿ ನೀವು ಮಡಿಯುಟ್ಟು, ತಂಬಿಗೆ ಎತ್ತಿ, ಟ್ಯಾಬಿನಲ್ಲಿ ಕಾಣುವ ನಮ್ಮ ಕೈಗಳ ಮೇಲೇ ಧಾರೆ ಎರೆದುಬಿಟ್ಟಿರಿ! "ಅಯ್ಯೋ, ಕರೆಂಟಿನದ್ದು ಮಾರಾಯ್ರೇ!" ಎಂದ ಅಮ್ಮನ ಕೂಗೇ ಕೊನೆ, ಪರದೆ ಕಪ್ಪಾಯಿತು. "ಧಾರೆ ಅರ್ಧಕ್ಕೆ ನಿಂತಿತು, ನನ್ನ ಕೈಯಿಂದಲೇ ಅಪಶಕುನವಾಯಿತು" ಎಂದು ನೀವು ಮಂಕಾಗಿ ಕೂತದ್ದು ಅಮ್ಮ ಹೇಳಿ ನನಗೆ ಗೊತ್ತು. ಆದರೆ ಗೋಪಿ ಆಗ ಏನೆಂದ ಗೊತ್ತೇ? "ಮಾವಾರು ಅಲ್ಲಿ ನೀರು ಬಿಟ್ರ ಇಲ್ಲಿ ನನ್ನ ಕೈ ತಣ್ಣಗಾತು ನೋಡು." ಅಪಶಕುನ ಹೇಗಾಗುತ್ತದೆ? ನೀರು ಹೊರಟಿದೆ ಪಪ್ಪಾ, ದಾರಿಯಲ್ಲಿ ತಡೆದಿದ್ದರು, ಅಷ್ಟೇ. ಮಲೇಷ್ಯಾ ಆಗುವಾಗಲೂ ಜುಲೈಯಲ್ಲೇ ಸಹಿ ಬಿದ್ದಿತ್ತು. ಆದರೆ ವಿಶ್ವಸಂಸ್ಥೆಯವರು ಕಡಲಾಚೆಯವರ ಮನಸ್ಸು ಕೇಳಿ ಬರಲಿ ಎಂದು ಆಗಸ್ಟಿಗೆ ಗೊತ್ತುಮಾಡಿದ್ದ ದಿನವನ್ನು ಸೆಪ್ಟೆಂಬರಿಗೆ ಮುಂದೂಡಿದರು ಎಂದು ಹೇಳಿದವರು ನೀವೇ ತಾನೇ?

ಅಮ್ಮನಿಗೆ ಮುದ್ದು. ನಿಮ್ಮ ಕಾಲಿಗೆ ಇಬ್ಬರ ನಮಸ್ಕಾರ, ಗೋಪಿಯದು ಸ್ವಲ್ಪ ಹೆದರಿದ ನಮಸ್ಕಾರ.

ನಿಮ್ಮ
ಶ್ರೀಯಾ

ಮರೆತಿದ್ದೆ, ಅಲ್ಲ, ಹೇಳಲು ನಾಚಿಕೆಯಾಗಿತ್ತು: ಸಹಿಯಾದ ಮೇಲೂ ಗೋಪಿ ಸೈಬರ್‌ಜಯಾದ ತನ್ನ ಕೋಣೆಯಲ್ಲೇ ಇದ್ದಾನೆ, ನಾನು ಮೆಲಿಷಾಳ ಜೊತೆಯಲ್ಲೇ. "ನಿಮ್ಮಪ್ಪಾರು ಕೈಯಾಗ ಕೈ ಕೊಡೋ ತನಕಾ ನಾ ಕರ್ಕೊಂಡು ಹೋಗಂಗಿಲ್ಲ" ಎಂದವನು ಅವನೇ, ಹೂಂ ಎಂದವಳು ನಾನು. ನೀವು ಎರೆಯದಿದ್ದರೆ ನಾವು ಹೀಗೆಯೇ ಎರಡು ಊರಿನಲ್ಲಿ ಮುದುಕರಾಗುತ್ತೇವೆ. ಟಿಕೆಟ್ ಸಿಕ್ಕಿದೆ: ಬರುವ ಶನಿವಾರ, ಹದಿನಾರನೇ ತಾರೀಕು, ಕೆಎಲ್ ಸೆಂಟ್ರಲಿನಿಂದ ಬಟರ್‌ವರ್ತಿಗೆ ಬೆಳಗಿನ ಮೊದಲ ಇಟಿಎಸ್ ರೈಲು.