ಮೊದಲ ಆಟಿ ವಲೆಟ್ಟಾದಲ್ಲಿ

ದಾರ್ಸೈಟ್, ಮಸ್ಕತ್
೧೯ ಆಗಸ್ಟ್ ೨೦೨೫, ಮಂಗಳವಾರ

ಪ್ರೀತಿಯ ಬೋಜಣ್ಣನಿಗೆ,

ತಂಗಿ ಕುಸುಮಳ ನಮಸ್ಕಾರ. ನನ್ನ ಅಕ್ಷರ ಚಂದ ಇಲ್ಲ, ಕಾಗುಣಿತ ಅಲ್ಲಲ್ಲಿ ತಪ್ಪಿರಬಹುದು, ಮೊದಲೇ ಕ್ಷಮೆ ಕೇಳುತ್ತೇನೆ. ಐದನೇ ಕ್ಲಾಸಿನ ನಂತರ ಕನ್ನಡದಲ್ಲಿ ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು. ಓದಲು ಕಷ್ಟವಾದರೆ ಅತ್ತಿಗೆಯ ಹತ್ತಿರ ಓದಿಸು, ಆದರೆ ಅರ್ಧಕ್ಕೆ ನಿಲ್ಲಿಸಬೇಡ. ಅಮ್ಮನ ಮಂಡಿನೋವು ಹೇಗಿದೆ? ಬಚ್ಚಲಿನ ಕಲ್ಲು ಮಳೆಗಾಲದಲ್ಲಿ ಜಾರುತ್ತದೆ, ಅಲ್ಲಿ ಒಂದು ಗೋಣಿ ಹಾಸಬೇಕು ಅಂತ ಹೇಳಿದ್ದೆ, ಹಾಸಿದಿರಾ? ನಿಮ್ಮ ಪುಟ್ಟಿ ಪ್ರಣೀತಾಳ ಕೆಮ್ಮು ಕಡಿಮೆಯಾಯಿತಾ? ನಿನ್ನ ರಿಕ್ಷಾದ ಕ್ಲಚ್ ಕೇಬಲ್ ಮತ್ತೆ ತುಂಡಾಯಿತಂತೆ, ಅಮ್ಮ ಹೇಳಿದರು. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಇವರಿಗೆ, ಅಂದರೆ ನಿನ್ನ ಭಾವ ಲಕ್ಷಿತ್‌ಗೆ, ಸೆಕೆ ಮುಗಿಯುವ ತನಕ ಕೂರಲು ಪುರುಸೊತ್ತಿಲ್ಲ. ಮಸ್ಕತಿನ ಏಸಿಗಳೆಲ್ಲ ಮಾತಾಡಿಕೊಂಡು ಒಂದೇ ದಿನ ಹಾಳಾಗುತ್ತವೆ ಅಂತ ಹೇಳುತ್ತಾರೆ.

ಕೈಯಲ್ಲಿ ಫೋನಿದ್ದೂ ಕಾಗದ ಯಾಕೆ ಅಂತ ನೀನು ಕೇಳಬಹುದು. ಫೋನಿನಲ್ಲಿ ನಿನ್ನ ಸ್ವರ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ, ನಿನಗೂ ಗೊತ್ತು. ಹ್ಞೂಂ ಅಣ್ಣ, ಆಯ್ತು ಅಣ್ಣ ಅಂತ ಹೇಳಿ ಫೋನ್ ಇಡುತ್ತೇನೆ, ಆಮೇಲೆ ಅಡುಗೆಮನೆಯಲ್ಲಿ ನಿಂತು ಗೋಡೆಗೆ ಉತ್ತರ ಕೊಡುತ್ತೇನೆ. ಈ ಸಲ ಉತ್ತರ ನಿನಗೇ ಸಿಗಲಿ. ಎರಡು ವಾರದ ಹಿಂದೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಫೋಟೋ ನೋಡಿ ನೀನು ಹಾಕಿದ ವಾಯ್ಸ್ ಮೆಸೇಜನ್ನು ಚಿಕ್ಕಪ್ಪನ ಮನೆಯವರು, ಅತ್ತಿಗೆಯ ತಮ್ಮಂದಿರು, ಎಲ್ಲರೂ ಕೇಳಿದ್ದಾರೆ. 'ನೋಡಿ ಮಾರಾಯ್ರೆ ನಮ್ಮ ಮನೆಯ ಸ್ಟೂಡೆಂಟನ್ನು! ಮದುವೆಯಾಗಿ ಮೊದಲ ಆಟಿಗೆ ತವರಿಗೆ ಬರಲು ಪುರುಸೊತ್ತಿಲ್ಲ, ಬೆನ್ನಿಗೆ ಚೀಲ ಹಾಕಿಕೊಂಡು ಯುರೋಪಿನಲ್ಲಿ ಶಾಲೆಗೆ ಹೋಗುತ್ತಾಳೆ. ಬರುವಾಗ ನಮಗೂ ಸ್ವಲ್ಪ ಎಬಿಸಿಡಿ ಕಟ್ಟಿಸಿಕೊಂಡು ಬಾ ಆಯ್ತಾ' ಅಂತ ಹೇಳಿ ನೀನು ನಕ್ಕೆ. ಆ ನಗು ಮುಗಿದ ಮೇಲೆ ನನಗೊಬ್ಬಳಿಗೇ ಇನ್ನೊಂದು ಮೆಸೇಜು. 'ಹತ್ತನೇ ಪರೀಕ್ಷೆ ಗಿರೀಕ್ಷೆ ಅಂತ ತಲೆ ಹಾಳು ಮಾಡಿಕೊಳ್ಳಬೇಡ. ನಿನ್ನ ಟಿಸಿ ಕೇಳಲಿಕ್ಕೆ ನಾನು ಆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ. ಖಲಾಸ್.' ಖಲಾಸ್ ಅನ್ನುವ ಶಬ್ದ ನಿನಗೆ ಕಲಿಸಿದ್ದೇ ನಾನು ಅಣ್ಣ.

ಆಟಿಯ ಮಾತು ಮೊದಲು ಮುಗಿಸುತ್ತೇನೆ. ಮದುವೆಯಾದ ಹೆಣ್ಣು ಮೊದಲ ಆಟಿ ತಿಂಗಳಿಗೆ ತವರಿಗೆ ಬರಬೇಕು, ಪತ್ರೊಡೆ ತಿಂದು ಕಾಲು ಚಾಚಿ ಕುಳಿತುಕೊಳ್ಳಬೇಕು, ಸೋಣ ತಿಂಗಳು ಹುಟ್ಟಿದ ಮೇಲೆ ಗಂಡನ ಮನೆಗೆ ಹೋಗಬೇಕು. ಕ್ರಮ ನನಗೆ ಗೊತ್ತಿದೆ. ಜೂನಿನಲ್ಲಿಯೇ ನಾನು ಅಮ್ಮನನ್ನು ಕೇಳಿದ್ದೆ. 'ಆಟಿಯಲ್ಲಿ ಕೆಲಸ ಇಲ್ಲ ಅಂತಲೇ ಹೆಣ್ಣುಮಕ್ಕಳನ್ನು ಕರೆಯುವುದು ಮಗಾ, ನಿನಗೆ ಕೆಲಸ ಇದ್ದರೆ ಹೋಗಿ ಬಾ' ಅಂತ ಅಮ್ಮನೇ ಹೇಳಿದ್ದು. ನಿನ್ನನ್ನು ಕೇಳಲಿಲ್ಲ, ಅದು ನಿಜ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ನಾನು ಹ್ಞೂಂ ಅನ್ನುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಕೇಳದೆ ಹೋದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ಹೋದದ್ದು ಹೇಗೆ ಅಂತ ಊರಿನಲ್ಲಿ ತಲೆಗೊಂದು ಕಥೆ ಇದೆಯಂತೆ, ಅದಕ್ಕೆ ಸರಿಯಾಗಿ ಬರೆಯುತ್ತೇನೆ. ಇವರ ಕಂಪನಿಯ ಮಾಲಕರು ರುಸ್ತಾಕಿನ ಮಹಮೂದ್. ಅವರ ಮಗಳು ಶಮ್ಸಾ, ಹತ್ತೊಂಬತ್ತು ವರ್ಷ, ಇಲ್ಲಿಯ ಕಾಲೇಜಿನಲ್ಲಿ ಓದುತ್ತಾಳೆ. ನಾನು ಮನೆಯಲ್ಲಿಯೇ ಹೊಲಿಗೆ ಹಿಡಿದ ಮೇಲೆ ಅವಳ ಬಟ್ಟೆಯೆಲ್ಲ ನನ್ನ ಕೈಯಲ್ಲೇ. ಬೇಸಿಗೆ ರಜೆಯಲ್ಲಿ ಅವಳಿಗೆ ಮಾಲ್ಟಾ ದೇಶದಲ್ಲಿ ಮೂರು ವಾರದ ಇಂಗ್ಲಿಷ್ ಕ್ಲಾಸು ಗೊತ್ತಾಯಿತು. ಒಬ್ಬಳನ್ನೇ ಕಳುಹಿಸಲು ಮನೆಯವರಿಗೆ ಮನಸ್ಸಿಲ್ಲ, ತಾಯಿ ಹೋಗೋಣವೆಂದರೆ ಕೈಗೂಸು. ಪರಿಚಯದ ಹೆಂಗಸೊಬ್ಬಳು ಜೊತೆಗೆ ಇರಲಿ ಅಂದಾಗ ಶಮ್ಸಾ ನನ್ನ ಹೆಸರು ಹೇಳಿದಳು. ಆದರೆ ಆ ಶಾಲೆಯ ಹಾಸ್ಟೆಲಿನಲ್ಲಿ ಅಲ್ಲಿ ಕಲಿಯುವವರು ಮಾತ್ರ ಉಳಿಯಬಹುದು, ಬೇರೆಯವರಿಗೆ ಜಾಗವಿಲ್ಲ. ಹಾಗಾಗಿ ಮಹಮೂದ್ ನನ್ನ ಹೆಸರನ್ನೂ ಬರೆಸಿದರು, ಎಲ್ಲಕ್ಕಿಂತ ಕೆಳಗಿನ ಕ್ಲಾಸಿಗೆ. ಅಣ್ಣ, ನನ್ನನ್ನು ಯಾರೂ ಓದಲು ಕಳುಹಿಸಿದ್ದಲ್ಲ, ಕಾವಲಿಗೆ ಕಳುಹಿಸಿದ್ದು. ಓದಿದ್ದು ನಾನೇ.

ಮೊದಲ ದಿನ ನಾನು ಮಾಡಿದ್ದನ್ನು ಹೇಳಿದರೆ ನೀನು ಮತ್ತೆ ನಗುತ್ತೀಯ, ನಗು. ಹತ್ತೂವರೆಗೆ ಚಾ ಕುಡಿಯಲು ಬಿಟ್ಟರು. ಎಲ್ಲರೂ ಕುಡಿದು ಕಪ್ಪುಗಳನ್ನು ಮೇಜಿನ ಮೇಲೆ ಬಿಟ್ಟು ಕ್ಲಾಸಿಗೆ ಹೋದರು. ನಾನು ಶಾಲನ್ನು ಸೊಂಟಕ್ಕೆ ಕಟ್ಟಿ, ಇಪ್ಪತ್ತಮೂರು ಕಪ್ಪು ತೊಳೆದೆ, ಸಿಂಕು ಉಜ್ಜಿದೆ, ಮೇಜು ಒರೆಸಿದೆ. ಯಾರೂ ಹೇಳಿರಲಿಲ್ಲ, ಕೈ ತಾನಾಗಿ ಹೋಯಿತು. ಅಷ್ಟರಲ್ಲಿ ಅರ್ಧ ಪಾಠ ಮುಗಿದಿತ್ತು. ನಮ್ಮ ಟೀಚರ್ ಮಿಸ್ ಕಾರ್ಮೆನ್, ಅರವತ್ತು ದಾಟಿದವರು, ನನ್ನನ್ನು ಹುಡುಕಿಕೊಂಡು ಬಂದು ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತರು. ಅವರು ಹೇಳಿದ್ದು ನನಗೆ ಪೂರ್ತಿ ಗೊತ್ತಾಗಲಿಲ್ಲ, ಆಮೇಲೆ ಶಮ್ಸಾ ಬಿಡಿಸಿ ಹೇಳಿದಳು. ಕಪ್ಪು ತೊಳೆಯಲು ಮೆಷಿನ್ ಇದೆ, ನಿನ್ನ ಪಾಠ ಕಲಿಯಲು ಮೆಷಿನ್ ಇಲ್ಲ ಅಂತ. ಮರುದಿನ ಚಾ ಕುಡಿದು ನನ್ನ ಕಪ್ಪನ್ನು ಮೇಜಿನ ಮೇಲೆಯೇ ಬಿಟ್ಟು ಬರಲು ನನಗೆ ಎಷ್ಟು ಧೈರ್ಯ ಬೇಕಾಯಿತು ಅಂತ ನಿನಗೆ ಹೇಳಿದರೆ ಅರ್ಥವಾಗುತ್ತದೋ ಇಲ್ಲವೋ. ಎರಡು ಸಲ ತಿರುಗಿ ನೋಡಿದೆ. ಆಮೇಲೆ ಹೋಗಿ ಮೊದಲ ಸಾಲಿನಲ್ಲಿ ಕುಳಿತೆ. ನನ್ನ ಪಕ್ಕದಲ್ಲಿ ಜಪಾನಿನ ಒಬ್ಬ ಅಜ್ಜ, ಎಪ್ಪತ್ತೆರಡು ವರ್ಷ. ನಿನ್ನೆ ಏನು ಮಾಡಿದೆ, ನಾಳೆ ಏನು ಮಾಡುತ್ತೀ ಅಂತ ದಿನಾ ಇಂಗ್ಲಿಷಿನಲ್ಲಿ ಒಬ್ಬರನ್ನೊಬ್ಬರು ಕೇಳಬೇಕು. ಅವರು ದಿನಾ ನಿನ್ನೆ ಮೀನು ತಿಂದೆ ಅಂತ ಹೇಳುವುದು, ನಾನೂ ದಿನಾ ನಿನ್ನೆ ಮೀನು ತಿಂದೆ ಅಂತ ಹೇಳುವುದು. ಕೊನೆಯ ಪರೀಕ್ಷೆಯಲ್ಲಿ ಅಜ್ಜನಿಗೆ ಇಪ್ಪತ್ತೈದರಲ್ಲಿ ಇಪ್ಪತ್ತೊಂದು, ನನಗೆ ಹತ್ತೊಂಬತ್ತು.

ಕ್ಲಾಸು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಆಮೇಲೆ ಸುತ್ತಾಟ. ರಾಜಧಾನಿಯ ಹೆಸರು ವಲೆಟ್ಟಾ, ನಮ್ಮ ಹಾಸ್ಟೆಲಿನ ಎದುರು ದಡದಲ್ಲಿ, ದೋಣಿಯಲ್ಲಿ ಹತ್ತು ನಿಮಿಷ. ಇಡೀ ಪೇಟೆಯ ಕಲ್ಲಿಗೆ ಜೇನಿನ ಬಣ್ಣ. ಕೆಲವು ಬೀದಿಗಳು ಬರೀ ಮೆಟ್ಟಿಲು, ನಿನ್ನ ರಿಕ್ಷಾ ಅಲ್ಲಿಗೆ ಬಂದರೆ ಅತ್ತು ಬಿಡುತ್ತದೆ. ಮನೆಗಳ ಮುಂದೆ ಮರದ ಮುಚ್ಚಿದ ಬಾಲ್ಕನಿ, ಹಸಿರು, ಕೆಂಪು, ನೀಲಿ, ಗೋಡೆಗೆ ಬಟ್ಟೆಯ ಕಪಾಟು ನೇತು ಹಾಕಿದ ಹಾಗೆ. ಎತ್ತರದಲ್ಲಿ ಒಂದು ತೋಟ ಇದೆ, ಅಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ತೋಪು ಹಾರಿಸುತ್ತಾರೆ. ಭಾನುವಾರ ನೋಡಲು ಹೋಗಿದ್ದೆವು, ಗೊತ್ತಿದ್ದೂ ನಾನು ಹೆದರಿ ಪಕ್ಕದ ಅಪರಿಚಿತ ಹೆಂಗಸಿನ ಕೈ ಹಿಡಿದೆ, ಅವಳೂ ನನ್ನ ಕೈ ಹಿಡಿದಿದ್ದಳು. ಊರಿನವರೆಲ್ಲ ಸೆಕೆ ಸೆಕೆ ಅಂತ ಬೀಸಿಕೊಳ್ಳುವುದು, ನಾನೂ ಶಮ್ಸಾನೂ ಮುಖ ನೋಡಿಕೊಂಡು ನಗುವುದು. ಮಸ್ಕತಿನಿಂದ ಹೋದವರಿಗೆ ಅದು ಒಂದು ಸೆಕೆಯಾ? ಅಲ್ಲಿಯ ಭಾಷೆ ಅರಬ್ಬಿಗೆ ಹತ್ತಿರ, ತರಕಾರಿಯವನು ಎಣಿಸುವುದು ನನಗೂ ತಿಳಿಯುತ್ತಿತ್ತು. ಯುರೋಪಿನಲ್ಲಿ ನನಗೆ ಅರ್ಥವಾದ ಮೊದಲ ಮಾತು ಟೊಮೆಟೊ ಎಷ್ಟು ಅನ್ನುವುದು.

ಶಾಪಿಂಗಿನ ಕಥೆ ಕೇಳು. ಶಮ್ಸಾ ಬೂಟು, ಸೆಂಟು, ಕನ್ನಡಕ ನೋಡುತ್ತಿದ್ದರೆ ನಾನು ಒಂದು ಅಂಗಡಿಯಲ್ಲಿ ಮಾಲ್ಟಾದ ಚಿತ್ರ ಇರುವ ನೈಲ್ ಕಟ್ಟರ್ ಹೆಕ್ಕುತ್ತಿದ್ದೆ. ನಮ್ಮ ಕೇರಿಯ ಒಂಬತ್ತು ಮನೆಗೆ ಒಂಬತ್ತು. ಯುರೋಪಿಗೆ ಬಂದು ನೈಲ್ ಕಟ್ಟರಾ ಅಂತ ಅವಳು ಹೊಟ್ಟೆ ಹಿಡಿದು ನಕ್ಕಳು. ಗಲ್ಫಿನಿಂದ ಬಂದವಳು ಮನೆಗೊಂದು ಏನಾದರೂ ಕೊಡದಿದ್ದರೆ ನಮ್ಮಲ್ಲಿ ಏನೆಲ್ಲ ಮಾತು ಬರುತ್ತದೆ ಅಂತ ಅವಳಿಗೆ ಏನು ಗೊತ್ತು. ಅಮ್ಮನಿಗೆ ಮಂಡಿಗೆ ಸುತ್ತುವ ಪಟ್ಟಿ, ಅತ್ತಿಗೆಗೆ ಕೈಯಲ್ಲಿ ನೇಯ್ದ ಲೇಸು, ಪ್ರಣೀತಾಳಿಗೆ ಕಣ್ಣು ಬರೆದ ಬಣ್ಣದ ಆಟದ ದೋಣಿ. ನಿನಗೆ ಅಂತ ಒಂದು ಟೋಪಿ ಕೈಯಲ್ಲಿ ಹಿಡಿದಿದ್ದೆ. ಆಗಲೇ ನಿನ್ನ ವಾಯ್ಸ್ ಮೆಸೇಜು ಬಂತು. ಅಂಗಡಿಯಲ್ಲಿ ನಿಂತೇ ಎರಡು ಸಲ ಕೇಳಿದೆ, ಟೋಪಿಯನ್ನು ಇದ್ದ ಜಾಗದಲ್ಲಿ ಇಟ್ಟೆ. ನಿನಗೆ ಏನೂ ತಂದಿಲ್ಲ. ನೈಲ್ ಕಟ್ಟರ್ ಬೇಕಾದರೆ ಚಿಕ್ಕಪ್ಪನ ಮನೆಯಲ್ಲಿ ಕೇಳು.

ಆ ದಿನವೇ ಅಲ್ಲಿಂದ ದೊಡ್ಡ ಇಗರ್ಜಿ ನೋಡಲು ಹೋದೆವು. ನೆಲದ ತುಂಬ ಬಣ್ಣಬಣ್ಣದ ಕಲ್ಲಿನ ಸಮಾಧಿಗಳಂತೆ, ಅವುಗಳ ಮೇಲೆಯೇ ನಡೆಯುವುದಂತೆ. ಟಿಕೆಟ್ ಕೊಡುವವನು ನನ್ನನ್ನು ನೋಡಿ ಸ್ಟೂಡೆಂಟಾ ಅಂತ ಕೇಳಿದ. ಕಿವಿಯಲ್ಲಿ ಇನ್ನೂ ನಿನ್ನ ನಗು ಇತ್ತು. ನೋ ನೋ ಅಂದುಬಿಟ್ಟೆ. ಶಮ್ಸಾಗೆ ಎಲ್ಲಿಂದ ಸಿಟ್ಟು ಬಂತೋ, 'ಯಾ ಕುಸುಮ, ಕಾರ್ಡ್ ದಿಖಾವ್ ನಾ!' ಅಂತ ತನ್ನ ಹರಕು ಹಿಂದಿಯಲ್ಲಿ ಸಾಲಿನಲ್ಲಿದ್ದವರೆಲ್ಲ ತಿರುಗುವ ಹಾಗೆ ಕೂಗಿದಳು. ನಾಚಿಕೆಯಿಂದ ಸಾಯುತ್ತಾ ಚೀಲದಿಂದ ಶಾಲೆಯ ಕಾರ್ಡು ತೆಗೆದೆ. ಅವನು ಅದನ್ನು ನೋಡಿ, ನನ್ನ ಮುಖ ನೋಡಿ, ಏನೂ ನಗದೆ ಸ್ಟೂಡೆಂಟ್ ಟಿಕೆಟ್ ಹರಿದು ಕೊಟ್ಟ. ಅಷ್ಟೇ. ಅವನಿಗೆ ಅದು ನೂರರಲ್ಲಿ ಒಂದು ಟಿಕೆಟ್. ನಾನು ಒಳಗೆ ಹೋಗಿ ಒಂದು ಕಂಬದ ಹಿಂದೆ ನಿಂತು ಅತ್ತೆ, ಸಮಾಧಿಗಳನ್ನು ಸರಿಯಾಗಿ ನೋಡಲೇ ಇಲ್ಲ.

ಯಾಕೆ ಅತ್ತೆ ಅಂತ ಈಗ ಹೇಳುತ್ತೇನೆ. ಅಜ್ಜಿ ಹಾಸಿಗೆ ಹಿಡಿದ ವರ್ಷ ಅಮ್ಮ ಗೇರುಬೀಜದ ಫ್ಯಾಕ್ಟರಿ ಬಿಡುವ ಹಾಗಿರಲಿಲ್ಲ, ನೀನು ಆಗಷ್ಟೇ ಬಾಡಿಗೆ ರಿಕ್ಷಾ ಹಿಡಿದಿದ್ದೆ, ಮನೆಯಲ್ಲಿ ಹಗಲಿಗೆ ಒಂದು ಜನ ಬೇಕಿತ್ತು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದರೂ ನಾನು ಹೋಗಲಿಲ್ಲ. ಅದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ, ಅಜ್ಜಿಯನ್ನು ನೋಡಿಕೊಂಡದ್ದಕ್ಕೆ ಬೇಸರವೂ ಇಲ್ಲ. ಆದರೆ ಲೀಲಾ ಟೀಚರ್ ಎರಡು ಸಲ ನನ್ನನ್ನು ಕೇಳಿಕೊಂಡು ಮನೆಗೆ ಬಂದರು. ಎರಡನೇ ಸಲ ನಾನು ಅಜ್ಜಿಯ ಕೋಣೆಯ ಬಾಗಿಲ ಹಿಂದೆ ಇದ್ದೆ. 'ಕಳುಹಿಸಿ ಏನು ಪ್ರಯೋಜನ ಟೀಚರ್, ಅವಳಿಗೆ ಓದು ತಲೆಗೆ ಹತ್ತುವುದಿಲ್ಲ' ಅಂತ ನೀನು ಹೇಳಿದೆ. ಮನೆಯಲ್ಲಿ ಕಷ್ಟ ಇದೆ ಅಂತ ಹೇಳಲು ನಿನಗೆ ಮರ್ಯಾದೆ ಅಡ್ಡ ಬಂತು, ಅದು ನನಗೆ ಈಗ ತಿಳಿಯುತ್ತದೆ. ಹತ್ತು ವರ್ಷದವಳಿಗೆ ತಿಳಿಯಲಿಲ್ಲ. ಅಣ್ಣ ಹೇಳಿದರೆ ನಿಜವೇ ಇರಬೇಕು ಅಂದುಕೊಂಡೆ. ಹದಿನಾಲ್ಕು ವರ್ಷ ಹಾಗೆಯೇ ಅಂದುಕೊಂಡೆ. ಬಸ್ಸಿನ ಬೋರ್ಡು ಗೊತ್ತಿದ್ದರೂ ಪಕ್ಕದವರನ್ನು ಕೇಳಿ ಹತ್ತುತ್ತಿದ್ದೆ, ಮದುವೆಯ ರಿಜಿಸ್ಟ್ರಿಯಲ್ಲಿ ಸಹಿ ಹಾಕುವ ಜಾಗ ಕಂಡರೂ ಇವರನ್ನು ಕೇಳಿಯೇ ಹಾಕಿದೆ. ಅಣ್ಣ, ನೀನು ಆ ದಿನ ಹೇಳಿದ್ದು ಸುಳ್ಳು. ನನಗೆ ತಲೆಗೆ ಹತ್ತುತ್ತದೆ.

ಮೇಲಿನ ಮನೆಯ ಹೇಝಲ್ ಟೀಚರ್ ಇಲ್ಲಿಯ ಇಂಡಿಯನ್ ಶಾಲೆಯಲ್ಲಿ ಕಲಿಸುವವರು, ಹತ್ತನೇ ಪರೀಕ್ಷೆಯನ್ನು ಮನೆಯಲ್ಲೇ ಓದಿ ಕಟ್ಟಬಹುದು ಅಂತ ಅವರೇ ಹೇಳಿದ್ದು. ವಾರಕ್ಕೆ ಮೂರು ದಿನ ಪಾಠವನ್ನೂ ಹೇಳಿಕೊಡುತ್ತಾರೆ, ಬದಲಿಗೆ ಅವರ ಬಟ್ಟೆ ನಾನು ಹೊಲಿಯುವುದು. ಫಾರ್ಮಿನ ಜೊತೆ ಹಳೆ ಶಾಲೆಯ ಟಿಸಿ ಇಡಬೇಕು, ಅದಿಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ನೀನು ಆಗ ಟಿಸಿ ತೆಗೆಯಲೇ ಇಲ್ಲ, ಅಂದರೆ ನನ್ನ ಹೆಸರು ಇನ್ನೂ ಆ ಶಾಲೆಯ ಪುಸ್ತಕದಲ್ಲಿಯೇ ಇದೆ. ಇವರಿಗೆ ಒಪ್ಪಿಗೆ ಇದೆಯಾ ಅಂತ ನೀನು ಕೇಳುತ್ತೀ. 'ಯಲ್ಲಾ, ನಡಿ ಸ್ಟೂಡೆಂಟ್, ನೀನು ಓದು, ಗಂಜಿ ನಾನು ಇಡುತ್ತೇನೆ' ಅಂತಾರೆ. ನಿನ್ನೆ ಗಂಜಿ ತಳ ಹಿಡಿದಿತ್ತು, ಇಬ್ಬರೂ ತಿಂದೆವು.

ಅಮ್ಮನ ಕಾಲಿಗೆ ನನ್ನ ನಮಸ್ಕಾರ ಮುಟ್ಟಿಸು. ಅತ್ತಿಗೆಗೆ ಲೇಸಿನ ಅಳತೆ ಸಾಕಾಗುತ್ತದಾ ಕೇಳು. ಪ್ರಣೀತಾಳಿಗೆ ಎರಡು ಕೆನ್ನೆಗೂ ಮುತ್ತು. ಚೌತಿಗೆ ಕಡುಬು ಮಾಡುವಾಗ ನನ್ನ ಪಾಲಿನದ್ದು ನೀನೇ ತಿನ್ನು, ಸಿಟ್ಟಿದ್ದರೂ ಅದನ್ನು ಬೇರೆಯವರಿಗೆ ಕೊಡಲು ನನಗೆ ಮನಸ್ಸಿಲ್ಲ.

ನಿನ್ನ ತಂಗಿ,
ಕುಸುಮ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಹೇಝಲ್ ಟೀಚರ ಗಂಡ ಕ್ಲಾರೆನ್ಸಣ್ಣ ಗುರುವಾರ ಊರಿಗೆ ಬರುತ್ತಾರೆ, ಮಾಲ್ಟಾದ ಸಾಮಾನಿನ ಕಟ್ಟಿನ ಜೊತೆ ಎರಡು ಲಕೋಟೆ ಅವರ ಕೈಯಲ್ಲಿ ಕೊಡುತ್ತೇನೆ. ಒಂದು ಇದು. ಇನ್ನೊಂದು ನಮ್ಮ ಶಾಲೆಯ ಹೆಡ್‌ಮಾಸ್ಟರಿಗೆ, ಟಿಸಿ ಕೇಳಿ ನಾನೇ ಬರೆದ ಅರ್ಜಿ. ಅದು ನಿನ್ನ ಕೈಗೆ ಬರುವುದಿಲ್ಲ, ಅವರೇ ಶಾಲೆಗೆ ಮುಟ್ಟಿಸುತ್ತಾರೆ. ನನ್ನ ಪರವಾಗಿ ಟಿಸಿ ತೆಗೆದುಕೊಳ್ಳುವವರು ಅನ್ನುವಲ್ಲಿ ಅಮ್ಮನ ಹೆಸರು ಹಾಕಿದ್ದೇನೆ, ಅಮ್ಮನಿಗೆ ಹೇಳಿಯೂ ಆಗಿದೆ. ಶಾಲೆಯಿಂದ ಕರೆದ ದಿನ ಅಮ್ಮನನ್ನು ರಿಕ್ಷಾದಲ್ಲಿ ಗೇಟಿನ ತನಕ ಬಿಡು, ಆ ಮಂಡಿಯಲ್ಲಿ ನಡೆಸಬೇಡ. ನೀನು ಮೆಟ್ಟಿಲು ಹತ್ತಬೇಕೆಂದಿಲ್ಲ. ಅರ್ಜಿಯಲ್ಲಿ ಶಾಲೆ ಬಿಟ್ಟ ಕಾರಣ ಬರೆಯಬೇಕು ಅಂತ ಹೇಝಲ್ ಟೀಚರ್ ಹೇಳಿದ್ದರು, ಅದೊಂದು ಸಾಲು ಮೂರು ದಿನದಿಂದ ಖಾಲಿ ಇತ್ತು. ಇವತ್ತು ಬೆಳಿಗ್ಗೆ ಇವರು ಕೆಲಸಕ್ಕೆ ಹೋದ ಮೇಲೆ, 'ಮನೆಯಲ್ಲಿ ಜನ ಬೇಕಿತ್ತು' ಅಂತ ಬರೆದು, ಕೆಳಗೆ ಸಹಿ ಹಾಕಿ, ಲಕೋಟೆ ಅಂಟಿಸಿದೆ.