ಇನ್ನೂರ ಐವತ್ತೈದು ಆದಮೇಲೆ

ಚನ್ನಗಿರಿ
೧೯-೮-೧೯೮೮

ಪ್ರೀತಿಯ ತಂಗಿ ಸರ್ವಮಂಗಳೆಗೆ ಅಣ್ಣನ ಆಶೀರ್ವಾದಗಳು.

ಇಲ್ಲಿ ನಾನೂ ನಿನ್ನ ಅತ್ತಿಗೆ ಕಲ್ಲಮ್ಮನೂ ಆರಾಮ. ಸೊಕ್ಕೆಯಲ್ಲಿ ನೀವೆಲ್ಲ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ರೇಡಿಯೋ ರಿಪೇರಿ ಕೆಲಸ ಜಾಸ್ತಿ ಇತ್ತು ಅಂತ ಬರೆದರೆ ಸುಳ್ಳಾದೀತು. ಈಗ ಎಲ್ಲರಿಗೂ ಟೀವಿ ಬೇಕು. ಅಂಗಡಿಯಲ್ಲಿ ನಾನು ನೊಣ ಹೊಡೆಯುತ್ತ ಕೂತಿರುತ್ತೇನೆ. ಬರೆಯಲು ಕೂತಾಗಲೆಲ್ಲ ಕೈ ನಿಲ್ಲುತ್ತಿತ್ತು. ತಪ್ಪು ತಿಳಿಯಬೇಡ.

ಊರ ಹೆಂಗಸರಿಗೆ ಅಕ್ಷರ ಕಲಿಸಲು ನಿನ್ನನ್ನು ಕರೆದಿದ್ದಾರೆ, ತಿಂಗಳ ಕೊನೆಯೊಳಗೆ ಒಪ್ಪಿಗೆ ಹೇಳಬೇಕು ಅಂತ ಬರೆದಿದ್ದೀಯ. "ಟೀಚರ್ ಟ್ರೈನಿಂಗಿಗೇ ಸೀಟು ಸಿಗದೋಳು ನಾನು. ತಲೇಲಿ ಏನೈತೆ ಅಂತ ಕಲಿಸಾಕೆ ಹೋಗಲಿ? ಇನ್ನೊಂದು ವರ್ಷ ಓದಿಕೊಂಡು ನೋಡೋಣೇನಣ್ಣ?" ಅಂದಿದ್ದೀಯ. ಓದಿದವನಿಗೆ ಹೋದ ಬೇಸಿಗೆ ನೆನಪಾಯಿತು.

ಕಲ್ಲಮ್ಮನ ಕೈ ಮುರಿದಾಗ ನೀನು ಬಂದು ಒಂದು ತಿಂಗಳು ಇದ್ದೆಯಲ್ಲ, ಆಗಲೇ ಟೈಪಿಂಗ್ ಕ್ಲಾಸಿನ ಮಹೇಶ್ವರಪ್ಪ ತನ್ನ ಕೆಟ್ಟ ಕಂಪ್ಯೂಟರನ್ನು ಅಂಗಡಿಗೆ ತಂದು ಹಾಕಿದ್ದು. "ರೇಡಿಯೋ ಬಿಚ್ಚೋರಿಗೆ ಇದೇನು ಮಹಾ ಬಿಡ್ರಿ," ಅಂದ. ಬೆಸುಗೆ ಬಿಟ್ಟ ವೈರು ಸೇರಿಸಿ, ಟೀವಿಗೆ ಜೋಡಿಸಿ, ಜೊತೆಗಿದ್ದ ಕ್ಯಾಸೆಟ್ ಹಾಕಿದರೆ ಕಿರ್ರೆಂದು ಕೂಗಿ ಆಟ ಬಂತು. ಒಬ್ಬ ಸಿಪಾಯಿ, ಒಂದು ಕೋಟೆ, ಕೋಟೆಯ ತಳದಲ್ಲಿ ರಾಕ್ಷಸ. ಇಂಗ್ಲಿಷ್ ಸಾಲುಗಳನ್ನು ಅಕ್ಷರ ಕೂಡಿಸಿ ಓದಿ ಅರ್ಥ ಹೇಳಿದವಳು ನೀನು. ನಾನು ಬರೀ ಗುಂಡಿ ಒತ್ತುವವನು.

ಮೊದಲ ಕೋಣೆಯ ಇಲಿಯನ್ನು ಕೊಂದರೆ ಸಿಪಾಯಿಯ ಬಲ ಒಂದಂಕಿ ಏರುತ್ತದೆ, ಹೊರಗೆ ಹೋಗಿ ಒಳಗೆ ಬಂದರೆ ಅದೇ ಜಾಗದಲ್ಲಿ ಇನ್ನೊಂದು ಇಲಿ ಇರುತ್ತದೆ. ಆ ಗುಟ್ಟು ಹಿಡಿದವಳೂ ನೀನೇ. ಆಮೇಲೆ ನಮಗೆ ಬೇರೆ ಕೆಲಸವೇ ಇರಲಿಲ್ಲ. ಬಾಗಿಲು ದಾಟು, ಇಲಿ ಹೊಡಿ, ಹೊರಗೆ ಬಾ, ಮತ್ತೆ ದಾಟು. ನನ್ನ ಬೆರಳು ನೋಯುವಾಗ ನೀನು, ನಿನಗೆ ಸಾಕಾದಾಗ ನಾನು. ಮಧ್ಯೆ ಖಾರ ಮಂಡಕ್ಕಿ. ಕಲ್ಲಮ್ಮ ಒಳಗಿನಿಂದ, "ಮುದುಕ ಅಣ್ಣ-ತಂಗಿಗೆ ಇಲಿ ಹುಚ್ಚು ಹಿಡಿದೈತೆ! ಅಡಿಗೆ ಮನೇಲಿ ನಿಜವಾದ್ದೇ ಐತೆ, ಬರ್ರಿ ಹೊಡೀರಿ!" ಅಂತ ಕೂಗೋಳು. ಅಷ್ಟು ನಗು ನಮ್ಮನೆಯಲ್ಲಿ ಆಮೇಲೆ ಕೇಳಿಲ್ಲ ತಂಗಿ.

ನೂರಾದಾಗಲೇ ನೀನು, "ಸಾಕು, ಕೆಳಗೆ ಇಳಿಯೋಣ," ಅಂದೆ. ಇನ್ನೂರಾದಾಗ ಮತ್ತೆ ಅಂದೆ. "ರಾಕ್ಷಸನ ಬಲ ಎಷ್ಟೋ ಏನೋ, ತಡಿಯವ್ವ," ಅಂತ ನಾನು ಬಿಡಲಿಲ್ಲ. ಇನ್ನೂರ ಐವತ್ತೈದಾಯಿತು. "ಈಗಾದರೂ ಬಿಡಣ್ಣ ಅವನನ್ನ," ಅಂತ ನನ್ನ ಕೈ ಹಿಡಿದೆ. ಇನ್ನೊಂದೇ ಒಂದು ಅಂತ ಹೊಡೆದೆ ನೋಡು, ಬಲ ಸೊನ್ನೆಗೆ ಬಂದು ನಿಂತಿತು! ಆ ಯಂತ್ರಕ್ಕೆ ಅಲ್ಲಿಂದ ಮುಂದೆ ಎಣಿಸಲು ಬರುವುದಿಲ್ಲವಂತೆ. ಮಹೇಶ್ವರಪ್ಪ ಆಮೇಲೆ ಹೇಳಿದ. ಮುಂದಿನ ಇಲಿ ಒಂದೇ ಸಲ ಕಚ್ಚಿ ನಮ್ಮ ಸಿಪಾಯಿಯನ್ನು ಕೊಂದುಹಾಕಿತು. ನೀನು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಅವನನ್ನ ಕೊಂದಿದ್ದು ಇಲಿ ಅಲ್ಲಣ್ಣ, ನಿನ್ನ ಜೋಪಾನ," ಅಂದೆ. ನಾನೂ ನಕ್ಕೆ. ಆ ರಾತ್ರಿ ಮಾತ್ರ ಊಟ ಸೇರಲಿಲ್ಲ. ಮಾರನೆ ದಿನ ಮಹೇಶ್ವರಪ್ಪ ಪೆಟ್ಟಿಗೆ ಒಯ್ದ. ರಾಕ್ಷಸ ಹೆಂಗಿದ್ದನೋ, ನಾವು ನೋಡಲೇ ಇಲ್ಲ.

ಅದಕ್ಕೇ ಹೇಳುತ್ತೇನೆ, ಇನ್ನೊಂದು ವರ್ಷ ಅನ್ನಬೇಡ. ಕಾಗದ ಮುಟ್ಟಿದ ದಿನವೇ ಹೋಗಿ ಒಪ್ಪಿಗೆ ಹೇಳು. ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ನಿನಗೆ ಶಿವ ಗಟ್ಟಿ ಗಂಟಲು ಕೊಡಲಿ, ಕಲಿಯಲು ಬರುವವರಿಗೆ ತಾಳ್ಮೆ ಕೊಡಲಿ.

ನಿನ್ನ ಅಣ್ಣ,
ಜಯದೇವಪ್ಪ

ತಾ.ಕ.: ಕೈ ನಿಲ್ಲುತ್ತಿದ್ದದ್ದು ಇದಕ್ಕೆ. ಅಪ್ಪ ತೀರಿಕೊಂಡ ವರ್ಷ, ನಿನಗೆ ಹದಿನೇಳು, ಶಿವಮೊಗ್ಗದಿಂದ ಟ್ರೈನಿಂಗಿನ ಕರೆಪತ್ರ ಬಂದಿತ್ತು. ನೀನು ಆಗಷ್ಟೇ ಜ್ವರದಿಂದ ಎದ್ದು ಕಡ್ಡಿಯಂತಿದ್ದೆ. ಪರಸ್ಥಳದಲ್ಲಿ ತಡೆಯಲಾರಳು, ಸ್ವಲ್ಪ ಗಟ್ಟಿಯಾಗಲಿ, ಮುಂದಿನ ವರ್ಷ ಕಳಿಸಿದರಾಯಿತು ಅಂದುಕೊಂಡು ಅದನ್ನು ಒಲೆಗೆ ಹಾಕಿದೆ. ನಿನಗೆ ಸೀಟು ಸಿಗಲಿಲ್ಲ ಅಂತ ಹೇಳಿದೆ. ಮುಂದಿನ ವರ್ಷ ನೀನು ಅರ್ಜಿಯನ್ನೇ ಹಾಕಲಿಲ್ಲ. "ನನಗೆ ಬುದ್ಧಿ ಸಾಲದು," ಅಂದುಬಿಟ್ಟೆ ನೀನು. ಮೂವತ್ತಾರು ವರ್ಷದಿಂದ ನೀನು ಅದನ್ನೇ ಅನ್ನುತ್ತೀಯ, ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ನೀನು ಪಾಸಾಗಿದ್ದೆ, ಮಂಗಳಾ. ಆ ಕಾಗದದ ಪಟ್ಟಿಯಲ್ಲಿ ನಿನ್ನ ಹೆಸರು ಮೂರನೆಯದು.